ತೊಂಬತ್ತಾರು ಜೋಡಿ

ಫೆಬ್ರವರಿ ೨, ಸೋಮವಾರ

ಇವತ್ತಿನಿಂದ ದಿನಚರಿ ಬರೆಯಬೇಕೆಂದು ಮಗಳ ಅಪ್ಪಣೆ. ನೋಟ್‌ಬುಕ್ಕನ್ನೂ ಅವಳೇ ತಂದುಕೊಟ್ಟಳು.

"ನೋಡಮ್ಮ, ದಿನಾ ಸಾಯಂಕಾಲ ಬಂದು ಅರ್ಧ ಕಥೆ ಹೇಳ್ತೀಯ. ಆಮೇಲೆ 'ಉಳಿದದ್ದು ಗುಟ್ಟು, ಪ್ರಮಾಣ ಮಾಡಿದ್ದೀನಿ' ಅಂತ ನಿಲ್ಲಿಸ್ತೀಯ. ನನಗೆ ಊಟ ಇಳಿಯಲ್ಲ. ಹೇಳಿದ್ರೆ ಪೂರ್ತಿ ಹೇಳು, ಇಲ್ಲಾ ಎಲ್ಲಾನೂ ಇದರಲ್ಲಿ ಬರ್ಕೋ" ಅಂದಳು.

ಪೂರ್ತಿ ಹೇಳುವ ಹಾಗಿಲ್ಲ. ಹಾಗಾಗಿ ಬರೆಯುತ್ತೇನೆ. ಇಲ್ಲಿಯೂ ಯಾರ ಹೆಸರೂ ಇರುವುದಿಲ್ಲ, ಬೀದಿಯ ಗುರುತೂ ಇರುವುದಿಲ್ಲ. ಹನ್ನೆರಡು ವರ್ಷ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಕೆಲಸ ಮಾಡಿ, ಹೆತ್ತ ಮಗಳ ಹೆಸರು ಬರೆಯುವುದಕ್ಕೂ ಕೈ ಹಿಂದೆಮುಂದೆ ನೋಡುತ್ತದೆ.

ಇಷ್ಟು ವರ್ಷ ಜನಸಂಖ್ಯಾ ಅಧ್ಯಯನ ಕೇಂದ್ರಕ್ಕಾಗಿ ಹುಟ್ಟು ಕೇಳಿದೆ, ಸಾವು ಕೇಳಿದೆ, ಮಕ್ಕಳ ತೂಕ ಕೇಳಿದೆ. ಈ ಸಲ ಮದುವೆ. ಅದು ಹೇಗೆ ಆಗುತ್ತದೆ, ಹೇಗೆ ಉಳಿಯುತ್ತದೆ, ಎಲ್ಲಿ ಮುರಿಯುತ್ತದೆ. ಎಂಟು ವಾರದಲ್ಲಿ ಒಂದೊಂದು ತಂಡಕ್ಕೂ ತೊಂಬತ್ತಾರು ಜೋಡಿ. ಗಂಡನಿಗೂ ಹೆಂಡತಿಗೂ ಒಂದೇ ಹೊತ್ತಿನಲ್ಲಿ, ಬೇರೆ ಬೇರೆ ಕೋಣೆಯಲ್ಲಿ, ಅವೇ ಎಪ್ಪತ್ತೆರಡು ಪ್ರಶ್ನೆ. ಒಬ್ಬರ ಉತ್ತರ ಇನ್ನೊಬ್ಬರ ಕಿವಿಗೆ ಬೀಳಕೂಡದು. ಅದಕ್ಕೇ ಪ್ರತಿ ತಂಡದಲ್ಲೂ ಒಬ್ಬ ಗಂಡಸು, ಒಬ್ಬ ಹೆಂಗಸು.

ನನ್ನ ಪಾಲಿಗೆ ಬಂದ ಆಸಾಮಿಗೆ ಐವತ್ತೊಂದು ವರ್ಷ. ಅಚ್ಚುಮನೆಯೊಂದರಲ್ಲಿ ಮೂವತ್ತು ವರ್ಷ ಪ್ರೂಫ್ ತಿದ್ದಿದವನಂತೆ. ಅಚ್ಚುಮನೆ ಮುಚ್ಚಿತು, ಇಲ್ಲಿಗೆ ಬಂದ. ಬಾಯಿಗೆ ಬೀಗವಿಲ್ಲ. ಎರಡು ದಿನದ ತರಬೇತಿಯಲ್ಲಿ ಅವನು ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಒಮ್ಮೆ, ಆಕಳಿಸಿ ಮುಗಿಸಿದ ಮೇಲೆ. ಅಭ್ಯಾಸಕ್ಕೆಂದು ಒಬ್ಬರನ್ನೊಬ್ಬರು ಪ್ರಶ್ನಿಸಬೇಕಿತ್ತು. ನಾನು ವಿಚ್ಛೇದಿತೆ ಎಂದು ಬರೆಸಿದೆ. ಅವನು ಅವಿವಾಹಿತ.

"ಕಾರಣ?" ಅಂದೆ. ಫಾರಂನಲ್ಲಿ ಹಾಗೇ ಇದೆ.

"ಪುರುಸೊತ್ತಾಗಲಿಲ್ಲ" ಅಂದ.

ಎಂಟು ವಾರ. ನನ್ನ ತಲೆ ಗಟ್ಟಿಯಿರಲಿ.

ಫೆಬ್ರವರಿ ೫, ಗುರುವಾರ

ಮಾನ ಹೋಯಿತು.

ಕ್ಷೌರದಂಗಡಿಯವರ ಮನೆ. ಇರುವುದೇ ಒಂದೂವರೆ ಕೋಣೆ. ಗಂಡನನ್ನು ಕರೆದುಕೊಂಡು ಪ್ರೂಫ್ ಆಸಾಮಿ ಹೊರಗೆ ಮೆಟ್ಟಿಲ ಮೇಲೆ ಕೂತ. ನಾನು ಹೆಂಡತಿಯ ಜೊತೆ ಒಳಗೆ. ಇಪ್ಪತ್ತಾರು ಪ್ರಶ್ನೆ ಸಲೀಸಾಗಿ ಮುಗಿಯಿತು. ಇಪ್ಪತ್ತೇಳನೆಯದು, 'ವಾರದಲ್ಲಿ ಎಷ್ಟು ಸಲ ನಿಮ್ಮ ಸಂಗಾತಿಯನ್ನು ಹೊಗಳುತ್ತೀರಿ?' ಎಂದಿರಬೇಕಾದದ್ದು. ಅಚ್ಚಾಗಿದ್ದದ್ದು 'ಬೊಗಳುತ್ತೀರಿ' ಎಂದು. ನಾನೂ ಓದುವ ಭರದಲ್ಲಿ ಹಾಗೇ ಓದಿಬಿಟ್ಟೆ.

ಆಕೆ ಒಂದು ಗಳಿಗೆ ಯೋಚಿಸಿದರು. ಮುಖದಲ್ಲಿ ನಗುವಿಲ್ಲ. "ವಾರಕ್ಕೆ ಇಷ್ಟು ಅಂತ ಗೊತ್ತಿಲ್ಲ ಮೇಡಂ. ದಿನಕ್ಕೆ ಎರಡು ಸಲ ಅಂತ ಹಾಕ್ಕೊಳ್ಳಿ. ರಜಾದಿನ ಮೂರು" ಅಂದರು.

ಮೆಟ್ಟಿಲ ಕಡೆಯಿಂದ ಗಹಗಹ ನಗು. ಅವನು ಅಲ್ಲಿಂದಲೇ ಕೇಳಿಸಿಕೊಂಡಿದ್ದಾನೆ! ನಿಯಮಕ್ಕೆ ಬೆಲೆಯೇ ಇಲ್ಲ. ಬಸ್‌ಸ್ಟಾಪಿನಲ್ಲಿ ಚೆನ್ನಾಗಿ ದಬಾಯಿಸಿದೆ. ಬೈಸಿಕೊಂಡು, ಆಮೇಲೆ ನನ್ನ ಚೀಲಕ್ಕೆ ಕೈಚಾಚಿ, "ಆ ಫಾರಂಗಳನ್ನೆಲ್ಲ ಇತ್ತ ಕೊಡಿ" ಅಂದ.

ಫೆಬ್ರವರಿ ೬, ಶುಕ್ರವಾರ

ನೂರ ತೊಂಬತ್ತೆರಡು ಫಾರಂನಲ್ಲೂ ಕೆಂಪು ಪೆನ್ನಿನಲ್ಲಿ ತಿದ್ದಿ ತಂದಿದ್ದಾನೆ. ನನ್ನ ಪಾಲಿನದೂ ಸೇರಿ. ಬೇರೆ ನಾಲ್ಕು ತಪ್ಪುಗಳನ್ನೂ ಹಿಡಿದಿದ್ದಾನೆ. ಅಕ್ಷರ ಮುತ್ತಿನಂತಿದೆ. ಹಾಗೆಂದು ನಾನೇನೂ ಹೇಳಲಿಲ್ಲ.

ಫೆಬ್ರವರಿ ೧೦, ಮಂಗಳವಾರ

ಹದಿನಾಲ್ಕು ಜೋಡಿ ಆಯಿತು. ಹೋಗುವಾಗ ಐವತ್ತು ನಿಮಿಷ, ಬರುವಾಗ ಐವತ್ತು ನಿಮಿಷ ಬಸ್ಸು. ಅಷ್ಟು ಹೊತ್ತೂ ಮಾತು. ಅಚ್ಚಿನ ಮೊಳೆಯನ್ನು ತಲೆಕೆಳಗಾಗಿ ಓದುವುದು ಹೇಗೆ. ಒಬ್ಬ ವಕೀಲರ ಆಹ್ವಾನಪತ್ರಿಕೆಯಲ್ಲಿ 'ಸುಖಾಗಮನ' ಹೋಗಿ 'ಸುಖಗಮನ' ಆಗಿ ಬಂದವರೆಲ್ಲ ಬಾಗಿಲಲ್ಲೇ ಅನುಮಾನಿಸಿದ್ದು. ಬಸ್ಸಿನ ಬೋರ್ಡಿನಲ್ಲಿ ಎಲ್ಲಿ ಒತ್ತಕ್ಷರ ತಪ್ಪಿದೆ. ಕಿಟಕಿಯ ಕಡೆ ಮುಖ ಮಾಡಿ ಕೂತರೆ ಕಿಟಕಿಯಲ್ಲಿ ಕಾಣುವುದರ ಬಗ್ಗೆ ಮಾತು.

ನನಗೆ ಇದರ ಅಭ್ಯಾಸವಿಲ್ಲ. ಮಗಳ ಅಪ್ಪ ಮಾತಾಡದ ಮನುಷ್ಯ. ಹೊಡೆಯಲಿಲ್ಲ, ಬೈಯಲಿಲ್ಲ. ಕೋಪ ಬಂದರೆ ಸುಮ್ಮನಾಗುವುದು, ಅಷ್ಟೇ. ಮೊದಲು ಎರಡು ದಿನ, ಆಮೇಲೆ ಎರಡು ವಾರ. ಕೊನೆಯ ಸಲ ಏಳು ತಿಂಗಳು. ಹನ್ನೊಂದು ವರ್ಷದ ಸಂಸಾರದಲ್ಲಿ ನಾನು ತಟ್ಟೆ ಇಡುವ ಸದ್ದಿನಲ್ಲಿ ಮನಸ್ಸು ಓದುವುದನ್ನು ಕಲಿತೆ. ಬಿಟ್ಟುಬಂದಾಗ ಎಲ್ಲರೂ ಕೇಳಿದ್ದು, "ಅಂಥಾದ್ದು ಏನು ಮಾಡಿದ?" ಏನೂ ಮಾಡಲಿಲ್ಲ. ಅದಕ್ಕೆ ಫಾರಂನಲ್ಲಿ ಜಾಗವಿರುವುದಿಲ್ಲ.

ಯಾಕೆ ಇದನ್ನೆಲ್ಲ ಬರೆದೆನೋ.

ಫೆಬ್ರವರಿ ೧೩, ಶುಕ್ರವಾರ

ಮೂವತ್ತೊಂದನೇ ಪ್ರಶ್ನೆ ನನಗೆ ತುಂಬ ಹಿಡಿಸಿದೆ. 'ಕಳೆದ ಒಂದು ವಾರದಲ್ಲಿ ನಿಮ್ಮ ಸಂಗಾತಿ ಹೇಳಿದ ಯಾವ ಮಾತು ನೆನಪಿದೆ?' ಆಯ್ಕೆಗಳಿಲ್ಲ, ಹೇಳಿದ್ದನ್ನು ಹಾಗೇ ಬರೆದುಕೊಳ್ಳಬೇಕು.

ಎರಡೂ ಫಾರಂ ಸೇರಿಸಿ ಪಿನ್ ಹೊಡೆಯುವ ತನಕ ನಾವಿಬ್ಬರೂ ಉತ್ತರಗಳ ವಿಷಯ ಮಾತಾಡುವಂತಿಲ್ಲ. ಪಿನ್ ಹೊಡೆದ ಮೇಲೆ ತಾಳೆ ನೋಡಬೇಕು. ಅದನ್ನು ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತು ಮಾಡುತ್ತೇವೆ. ಲಿಫ್ಟ್ ರಿಪೇರಿಯವರು ತಮ್ಮ ಹೆಂಡತಿ ಹೇಳಿದ ಮಾತು ಅಂತ ಬರೆಸಿದ್ದು: "ನಲ್ಲಿ ಸರಿಯಾಗಿ ತಿರುಗಿಸಿ." ಆಕೆ ಗಂಡನ ಮಾತು ಅಂತ ಬರೆಸಿದ್ದು: "ನಲ್ಲಿ ತಿರುಗಿಸಿದ್ದೀನಿ ಕಣೇ." ಇಪ್ಪತ್ತೆರಡು ವರ್ಷದ ಸಂಸಾರ.

ಇಬ್ಬರೂ ಬಿದ್ದುಬಿದ್ದು ನಕ್ಕೆವು. ಬಸ್ಸು ಎದುರಿಗೇ ಬಂದು, ನಿಂತು, ಹೊರಟೇಹೋಯಿತು.

"ಇದೇ ಪ್ರೀತಿ ಅಂತೀನಿ" ಅಂದರು ಪ್ರೂಫ್‌ನವರು.

"ಇದು ನಲ್ಲಿ" ಅಂದೆ.

ಫೆಬ್ರವರಿ ೧೯, ಗುರುವಾರ

ಹೊಸ ಚಪ್ಪಲಿ ಕಾಲು ಕಚ್ಚಿದೆ. ಯಾರಿಗೂ ಹೇಳಲಿಲ್ಲ. ಪ್ರೂಫ್‌ನವರು ಇವತ್ತು ತುಂಬ ನಿಧಾನ ನಡೆದರು. ಕೇಳಿದರೆ ಮಂಡಿನೋವು ಅಂದರು. ನಿನ್ನೆ ಆ ಮಂಡಿ ನಾಲ್ಕು ಮಹಡಿ ಹತ್ತಿ ಇಳಿದಿತ್ತು. ಎರಡು ನೀರಿನ ಬಾಟಲಿ ತಂದಿದ್ದರು. ಒಂದು ಯಾಕೆ ಸಾಲದೋ.

ಫೆಬ್ರವರಿ ೨೬, ಗುರುವಾರ

ಇವತ್ತಿನದನ್ನು ಮಗಳಿಗೆ ಅರ್ಧವೂ ಹೇಳಲಿಲ್ಲ.

ಔಷಧಿ ಅಂಗಡಿಯವರ ಮನೆ. ಮದುವೆಯಾಗಿ ಮೂವತ್ತೆರಡು ವರ್ಷ. ಆಕೆ ಶಾಲೆಯೊಂದರಲ್ಲಿ ಲೈಬ್ರರಿ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಒಂದು ಚಮಚವೂ ಜಾಗ ತಪ್ಪಿರಲಿಲ್ಲ. ಫ್ರಿಜ್ಜಿನ ಬಾಗಿಲ ತುಂಬ ಚೀಟಿ. 'ನಾಳೆ ನೀರು ಬರುವುದಿಲ್ಲ.' 'ಹಲ್ಲಿನ ಡಾಕ್ಟರು, ಗುರುವಾರ ಐದಕ್ಕೆ.' 'ಬಲ್ಬು ತಂದಿದೆ.' ಎರಡು ಬಗೆಯ ಕೈಬರಹ. ಮರೆವಿನವರ ಮನೆ ಅಂದುಕೊಂಡೆ.

ಮೂವತ್ತೊಂದನೇ ಪ್ರಶ್ನೆ ಕೇಳಿದೆ.

"ಏನೂ ಇಲ್ಲ" ಅಂದರು.

"ನೆನಪಿಲ್ಲ ಅಂತ ಬರ್ಕೊಳ್ಲಾ?"

"ನೆನಪು ಚೆನ್ನಾಗಿದೆ. ಇವರು ಏನೂ ಹೇಳಿಲ್ಲ. ಆರು ವರ್ಷ ಆಯ್ತು."

ಪೆನ್ನು ಕೆಳಗಿಟ್ಟೆ. ಆಕೆ ಕಿಟಕಿಯ ಕಡೆ ನೋಡುತ್ತ ಹೇಳಿದರು: "ಮಗಳು ತನಗೆ ಬೇಕಾದವನ್ನ ಮದುವೆಯಾಗ್ತೀನಿ ಅಂದ್ಲು. ಇವರು ಅವಳಿಗೆ ಒಂದು ಮಾತು ಅಂದ್ರು. ಆ ಮಾತು ನಾನು ಬಾಯಲ್ಲಿ ಆಡಲ್ಲ. ಅವಳು ಹೊರಟುಹೋದ್ಲು. ನಾನು, 'ಆ ಮಾತು ವಾಪಸ್ ತಗೊಳ್ಳೋ ತನಕ ನನ್ನ ಹತ್ರ ಮಾತಾಡಬೇಡಿ' ಅಂದೆ. ಸಿಟ್ಟಲ್ಲಿ ಅಂದಿದ್ದು ಕಣಮ್ಮ. ಹೆಚ್ಚಂದ್ರೆ ಒಂದು ವಾರ ಅಂದ್ಕೊಂಡೆ. ಇವರು ನಾನು ಹೇಳಿದ್ದನ್ನ ಮೀರೋ ಮನುಷ್ಯ ಅಲ್ಲ. ಹಿಡಿದ್ರು, ಹಿಡಿದೇಬಿಟ್ರು. ಮೊದಲು ಮಾತಾಡೋಕೆ ನನಗೂ ಬಿಗುಮಾನ. ಈಗಲೂ ದಿನಾ ಸಾಯಂಕಾಲ ಬೀಗ ತೆಗೆಯೋ ಸದ್ದಿಗೆ ಕಿವಿ ಕೊಟ್ಕೊಂಡು ಕೂತಿರ್ತೀನಿ. ಇವತ್ತಾದ್ರೂ ಏನಾದ್ರೂ ಅಂತಾರಾ ಅಂತ."

ಆ ಕಡೆಯ ಕೋಣೆಯಲ್ಲಿ ಪ್ರೂಫ್‌ನವರು ಗಂಡನ ಜೊತೆ ಕೂತಿದ್ದರು. ಅಲ್ಲಿಂದ ತುಂಬ ಹೊತ್ತು ಯಾವ ಸದ್ದೂ ಬರಲಿಲ್ಲ. ಆಮೇಲೆ ಯಾರೋ ಮೂಗು ಸೀಟಿದ್ದು ಕೇಳಿಸಿತು. ಪ್ರೂಫ್‌ನವರು ಹೊರಗೆ ಬಂದಾಗ ಅವರ ಕರವಸ್ತ್ರ ಕೈಯಲ್ಲಿರಲಿಲ್ಲ. ಅವರ ಫಾರಂನಲ್ಲಿ ಮೂವತ್ತೊಂದು, ಮೂವತ್ತೆರಡು, ಮೂವತ್ತಮೂರು ಖಾಲಿ.

ಆಕೆ ಮಾತಿಗೆ ಕಾಯುತ್ತಿದ್ದಾರೆ ಎಂದು ಹೋಗಿ ಆ ಮನುಷ್ಯನಿಗೆ ಕೂಗಿ ಹೇಳಿಬಿಡೋಣ ಅನ್ನಿಸಿತು. ಬಾಗಿಲ ತನಕ ಹೋಗಿದ್ದೆ ಕೂಡ. ಪ್ರೂಫ್‌ನವರು ನನ್ನ ಮುಖ ನೋಡಿ ಮೆಲ್ಲಗೆ ತಲೆ ಅಲ್ಲಾಡಿಸಿದರು. ನಿಯಮ ಅವರಿಗೂ ಗೊತ್ತು. ಇಬ್ಬರೂ ಮೆಟ್ಟಿಲಿಳಿದೆವು.

ಬೆಂಚಿನ ಮೇಲೆ ಕೂತು ಪಿನ್ ಹೊಡೆದೆವು. ತಾಳೆ ನೋಡಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಅಲ್ಲೇ, ಯಾಕೋ, ನಾನು ನನ್ನ ಹನ್ನೊಂದು ವರ್ಷ ಹೇಳಿದೆ. ಆ ಏಳು ತಿಂಗಳನ್ನೂ. ಇದುವರೆಗೆ ಯಾರಿಗೂ ಅಷ್ಟು ಬಿಡಿಸಿ ಹೇಳಿರಲಿಲ್ಲ. ಅವರು ಒಂದು ಮಾತೂ ಆಡಲಿಲ್ಲ. ಬಸ್ಸು ಹತ್ತಿದ ಮೇಲೂ ಆಡಲಿಲ್ಲ. ಮೂವತ್ತು ನಿಮಿಷ, ನಲವತ್ತು ನಿಮಿಷ. ನನ್ನ ಹಳೆಯ ಭಯ ಮತ್ತೆ ಎದ್ದಿತು. ತಪ್ಪು ಮಾಡಿದೆ, ಹೇಳಬಾರದಿತ್ತು.

ನನ್ನ ಸ್ಟಾಪು ಬಂದಾಗ ಅವರು ಎದ್ದು ದಾರಿ ಬಿಟ್ಟು ಹೇಳಿದರು: "ಮೇಡಂ, ನಾನು ಸುಮ್ಮನಿದ್ದದ್ದು ಕೇಳಿಸ್ಕೊಳ್ಳೋಕೆ. ಕೋಪಕ್ಕಲ್ಲ. ಹೇಳಿಬಿಡೋಣ ಅಂತ ಹೇಳಿದೆ."

ಇಳಿದು ಬಸ್ಸು ಹೋಗುವ ತನಕ ನಿಂತಿದ್ದೆ. ಮನೆಗೆ ಬಂದು ಉಪ್ಪು ಹಾಕದೆ ಅಡುಗೆ ಮಾಡಿದೆನಂತೆ.

ಮಾರ್ಚ್ ೨, ಸೋಮವಾರ

ಆಫೀಸಿನಲ್ಲಿ ರಂಪ. ಸೂಪರ್‌ವೈಸರ್ ಫಾರಂ ಕಟ್ಟು ಬಿಚ್ಚಿ, ಔಷಧಿಯಂಗಡಿಯವರ ಮೂರು ಖಾಲಿ ಜಾಗದ ಮೇಲೆ ಬೆರಳಿಟ್ಟರು. ಕೆಟ್ಟ ಮನುಷ್ಯನಲ್ಲ, ಹತ್ತು ತಂಡ, ಒಂದು ಕುತ್ತಿಗೆ.

"ಇದನ್ನ ಹೀಗೆ ಕಳಿಸೋಕಾಗಲ್ಲ. ಹೆಂಡತಿ ಫಾರಂ ನೋಡ್ಕೊಂಡು ಏನೋ ಒಂದು ತುಂಬ್ಸಿ."

"ಅವರು ಹೇಳದ್ದನ್ನ ಹೇಗೆ ಬರೀಲಿ?" ಅಂದರು ಪ್ರೂಫ್‌ನವರು.

"ಯಾರು ನೋಡ್ತಾರ್ರೀ? ತೊಂಬತ್ತಾರರಲ್ಲಿ ಒಂದು."

"ಇನ್ನೊಂದ್ಸಲ ಹೋಗಿ ಕೇಳ್ಕೊಂಡು ಬರ್ತೀನಿ. ಒಂದು ದಿನ ಕೊಡಿ."

"ದಿನ ಎಲ್ಲಿದೆ?"

"ಸಾರ್, ಮೂವತ್ತು ವರ್ಷ ತಪ್ಪು ತಿದ್ದೋ ಕೆಲಸ ಮಾಡಿದೀನಿ. ತಪ್ಪು ಮಾಡೋ ಕೆಲಸ ನನಗೆ ಬರಲ್ಲ."

ಇಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಸೂಪರ್‌ವೈಸರ್ ಬರೆದಿದ್ದ ನೋಟಿಸಿನಲ್ಲಿ ಎರಡು ಕಾಗುಣಿತದ ತಪ್ಪನ್ನೂ ತೋರಿಸಿದರು. ನಾಳೆಯಿಂದ ಅವರಿಗೆ ಕೆಳಗಿನ ಕೋಣೆಯಲ್ಲಿ ಕಂಪ್ಯೂಟರಿಗೆ ಅಂಕಿ ತುಂಬುವ ಕೆಲಸ. ನನಗೆ ಹೊಸ ಜೊತೆಗಾರ.

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಮಾರ್ಚ್ ೩, ಮಂಗಳವಾರ

ಬಿಡಲಿಲ್ಲವಲ್ಲ, ಬಾಯಿ.

ಮಾರ್ಚ್ ೬, ಶುಕ್ರವಾರ

ಹೊಸ ಜೊತೆಗಾರರು ನಿವೃತ್ತ ನಕ್ಷೆಗಾರರು. ಸಜ್ಜನ. ಹೊತ್ತಿಗೆ ಸರಿಯಾಗಿ ಬರುತ್ತಾರೆ, ತಮ್ಮ ಪಾಡಿಗೆ ಕೇಳುತ್ತಾರೆ, ಬಸ್ಸಿನಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ನಾನು ಬೇಡಿಕೊಂಡಿದ್ದೇ ಇಂಥವರನ್ನು. ಇವತ್ತು ನಾಲ್ಕು ಜೋಡಿ ಮುಗಿಸಿದೆವು, ಒಂದೇ ದಿನ.

ಬಸ್ಸಿನ ದಾರಿ ಯಾಕೆ ಇಷ್ಟು ಉದ್ದ ಎಂದು ಇಷ್ಟು ದಿನ ಗಮನಿಸಿರಲಿಲ್ಲ. ಒಂದು ಬೋರ್ಡಿನಲ್ಲಿ 'ಹಳೆಯ ಪಾತ್ರೆ ಕೊಳ್ಳಲಾಗುವುದು' ಎಂಬುದನ್ನು 'ಕೊಲ್ಲಲಾಗುವುದು' ಎಂದು ಬರೆದಿದ್ದಾರೆ. ಪಕ್ಕಕ್ಕೆ ತಿರುಗಿದೆ, ನಕ್ಷೆಗಾರರು ನಿದ್ದೆಯಲ್ಲಿದ್ದರು.

ಪ್ರೂಫ್‌ನವರ ಕೆಂಪು ಪೆನ್ನು ನನ್ನ ಚೀಲದಲ್ಲೇ ಉಳಿದಿದೆ. ಕೊಡಬೇಕು.

ಮಾರ್ಚ್ ೯, ಸೋಮವಾರ

ಪೆನ್ನು ಕೊಡಲು ಕೆಳಗಿನ ಕೋಣೆಗೆ ಹೋಗಿದ್ದೆ. ಕಿಟಕಿಯಿಲ್ಲ. ಗೋಡೆಗೆ ಮುಖ ಹಾಕಿ ಆರು ಜನ. ಅವರ ನಡುವೆ ಇವರು ಒಂದೊಂದೇ ಬೆರಳಿನಲ್ಲಿ ಅಂಕಿ ಒತ್ತುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. "ನಿಮ್ಮ ಕಾಲು ವಾಸಿಯಾಯ್ತಾ?" ಅಂದರು.

ಕಾಲಿನ ವಿಷಯ ನಾನು ಹೇಳಿಯೇ ಇರಲಿಲ್ಲ.

ಪೆನ್ನು ಕೊಡುವುದು ಮರೆತು ಬಂದೆ.

ಮಾರ್ಚ್ ೧೦, ಮಂಗಳವಾರ

ಕೆಲಸದ ದೃಷ್ಟಿಯಿಂದ ಇದು ಸರಿಯಲ್ಲ ಅನ್ನಿಸಿತು. ಆದ್ದರಿಂದ ಅಧ್ಯಯನದ ಮುಖ್ಯಸ್ಥೆಯ ಹತ್ತಿರ ಹೋದೆ. ದೊಡ್ಡ ಮೇಡಂ ಎಂದು ನಾವು ಕರೆಯುವುದು. ಹೋಗುವಾಗ ಮೆಟ್ಟಿಲಲ್ಲಿ ಸೂಪರ್‌ವೈಸರ್ ಸಿಕ್ಕಿ, "ಮುಂದಿನ ಅಧ್ಯಯನಕ್ಕೆ ನಿಮ್ಮ ಹೆಸರು ಕಳಿಸಬೇಕಾದವನು ನಾನೇ, ಯೋಚನೆ ಮಾಡಿ" ಅಂದರು. ಯೋಚನೆ ಮಾಡಿದೆ. ಈ ಕೆಲಸ ಹೋದರೆ ನಲವತ್ತಾರನೇ ವಯಸ್ಸಿನಲ್ಲಿ ಯಾರು ಕೊಡುತ್ತಾರೆ? ಮಗಳ ಓದು ಇನ್ನೂ ಮುಗಿದಿಲ್ಲ. ಯೋಚನೆ ಮಾಡುತ್ತಲೇ ಮೆಟ್ಟಿಲು ಹತ್ತಿದೆ.

ದೊಡ್ಡ ಮೇಡಂ ಪೂರ್ತಿ ಕೇಳಿದರು. ಆಮೇಲೆ ಗೋಡೆಯ ಮೇಲಿನ ದೊಡ್ಡ ಕೋಷ್ಟಕ ತೋರಿಸಿದರು.

"ಇದರಲ್ಲಿ ತುಂಬಿರೋ ಜಾಗ ಎಲ್ಲರೂ ನೋಡ್ತಾರೆ. ನಾನು ಮೊದಲು ಖಾಲಿ ಜಾಗ ಹುಡುಕ್ತೀನಿ. ಯಾವ ಪ್ರಶ್ನೆಗೆ, ಎಷ್ಟು ಜನ, ಮದುವೆಯಾದ ಎಷ್ಟನೇ ವರ್ಷದಲ್ಲಿ ಸುಮ್ಮನಾದರು ಅಂತ. ಅಲ್ಲಿ ನೀವು ಸುಳ್ಳು ತುಂಬಿದ್ರೆ ಆ ಮನುಷ್ಯ ಅತ್ತದ್ದು ಈ ಭೂಮಿ ಮೇಲೆ ಯಾರಿಗೂ ಗೊತ್ತಾಗಲ್ಲ."

ಆ ಮನೆಗೆ ಅದೇ ತಂಡ ಮತ್ತೆ ಹೋಗಬೇಕೆಂದು ಚೀಟಿ ಬರೆದರು. ಬರೆಯುತ್ತ, "ಅಲ್ಲ, ಅವರೇ ಬಂದು ಹೇಳಬಹುದಿತ್ತಲ್ಲ. ನೀವು ಯಾಕೆ ಬಂದ್ರಿ?" ಅಂದರು.

"ಕೆಲಸದ ದೃಷ್ಟಿಯಿಂದ" ಅಂದೆ.

"ಓಹೋ" ಅಂದರು ಮೇಡಂ. ಅಷ್ಟು ದೊಡ್ಡ ವಿದ್ವಾಂಸರು; ಯಾಕೆ ಹಾಗೆ ನಕ್ಕರೋ ತಿಳಿಯಲಿಲ್ಲ.

ಮಾರ್ಚ್ ೧೩, ಶುಕ್ರವಾರ

ಮತ್ತೆ ಔಷಧಿ ಅಂಗಡಿಯವರ ಮನೆ. ಮೊದಲೇ ಫೋನ್ ಮಾಡಿ ಒಪ್ಪಿಗೆ ಪಡೆದಿದ್ದೆವು. ಪ್ರೂಫ್‌ನವರು ಯಜಮಾನರ ಜೊತೆ ಕೋಣೆಗೆ ಹೋದರು, ಬಾಗಿಲು ಹಾಕಿಕೊಂಡರು. ಆಕೆಯ ಫಾರಂ ಆಗಲೇ ಭರ್ತಿಯಾಗಿತ್ತು, ನನಗೆ ಕೆಲಸವಿರಲಿಲ್ಲ. ಆದರೂ ನನ್ನ ಕೈಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು.

"ಆವತ್ತು ನೀವು ಹೋದ್ಮೇಲೆ ಇವರು ಕಣ್ಣು ಕೆಂಪಗೆ ಮಾಡ್ಕೊಂಡು ಹೊರಗೆ ಬಂದ್ರು. ನನ್ನ ಬಾಯಿಂದ ತಾನಾಗೇ ಬಂದ್ಬಿಡ್ತು, 'ಏನು ಕೇಳಿದ್ರು ನಿಮ್ಮನ್ನ?' ಅಂತ. ಇವರು ನಿಂತಲ್ಲೇ ನಿಂತ್ರು. ಆಮೇಲೆ ಏನಂದ್ರು ಗೊತ್ತಾ? 'ಮಾತಾಡಬಹುದಾ?' ಅಂದ್ರು. ಆರು ವರ್ಷ ಆದ್ಮೇಲೆ! ಕಟ್ಕೊಂಡ ಗಂಡ! ಅಪ್ಪಣೆ ಕೇಳ್ತಾರೆ!"

ಆಕೆ ನಗುತ್ತಿದ್ದರು, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ಭಾನುವಾರ ಮಗಳ ಮನೆಗೆ ಹೋದ್ವಿ. ಅವಳು ಇವರನ್ನ ಬಾಗಿಲಲ್ಲೇ ನಿಲ್ಲಿಸಿ ಹತ್ತು ನಿಮಿಷ ಬೈದ್ಲು. ಇವರು ಆ ಮಾತು ವಾಪಸ್ ತಗೊಂಡ್ರು. ಆಮೇಲೆ ಒಳಗೆ ಕರೆದ್ಲು. ಮೊಮ್ಮಗನಿಗೆ ನಾಲ್ಕು ವರ್ಷ ಕಣಮ್ಮ. ಇವರು ಫೋಟೋ ಕೂಡ ನೋಡಿರಲಿಲ್ಲ."

ಫ್ರಿಜ್ಜಿನ ಮೇಲೆ ಚೀಟಿಗಳು ಹಾಗೇ ಇದ್ದವು. ನಾನು ನೋಡಿದ್ದನ್ನು ನೋಡಿ, "ಅಭ್ಯಾಸ. ಮಾತೂ ಆಡ್ತೀವಿ, ಚೀಟೀನೂ ಅಂಟಿಸ್ತೀವಿ" ಅಂದರು.

ಬೆಂಚಿನ ಮೇಲೆ ಕೂತು ಹೊಸ ಪುಟ ಸೇರಿಸಿ ಪಿನ್ ಹೊಡೆದ ಮೇಲೆ ಇವರು ತೋರಿಸಿದರು. ಮೂವತ್ತೊಂದನೇ ಪ್ರಶ್ನೆ. ಮುತ್ತಿನಂಥ ಅಕ್ಷರ: "ಅಷ್ಟು ಹೊತ್ತು ಯಾಕೆ ನಿಂತೇ ಇದ್ದೀರಿ, ಕೂತ್ಕೊಳ್ಳಿ ಅಂದಳು."

ಹಳೆಯ ಖಾಲಿ ಪುಟವನ್ನೂ ಹಾಗೇ ಇಟ್ಟಿದ್ದಾರೆ. ದೊಡ್ಡ ಮೇಡಂಗೆ ಎರಡೂ ಬೇಕಂತೆ. ಸೂಪರ್‌ವೈಸರಿಗೆ ಎರಡು ಸಲ ಎಣಿಸುವ ತಲೆನೋವು. ಸೋಮವಾರದಿಂದ ಹಳೇ ತಂಡವೇ ಹೋಗಲಿ ಎಂದು ಅವರೇ ಹೇಳಿದರು. ನಕ್ಷೆಗಾರರಿಗೆ ಕೆಳಗಿನ ಕೋಣೆಯೇ ಇಷ್ಟವಂತೆ, ಬಿಸಿಲಿಲ್ಲ.

ಮಾರ್ಚ್ ೨೦, ಶುಕ್ರವಾರ

ಎಂಬತ್ತೊಂದು ಜೋಡಿ. ಸುಸ್ತು, ಆದರೆ ಒಳ್ಳೆಯ ಸುಸ್ತು.

ಊಟದ ಹೊತ್ತಿನಲ್ಲಿ ಮಗಳಿಗೆ ಬಸ್ಸಿನ ಬೋರ್ಡಿನ ಕಥೆ ಹೇಳುತ್ತಿದ್ದೆ. ಹಳೆಯ ಪಾತ್ರೆ ಕೊಲ್ಲುವ ಅಂಗಡಿಯವನ ಹತ್ತಿರ ಹೋಗಿ, ಬಣ್ಣ ಕುಂಚ ಇಸಿದುಕೊಂಡು, ತಾವೇ ಸ್ಟೂಲು ಹತ್ತಿ ತಿದ್ದಿಬಂದರು. ನಾನು ಕೆಳಗೆ ಸ್ಟೂಲು ಹಿಡಿದುಕೊಂಡಿದ್ದೆ. "ಬಿದ್ರೆ ಏನು ಗತಿ ಅಂದ್ರೆ ಇವರು ಕೇಳೋದೇ ಇಲ್ಲ" ಅಂದೆ.

"ಯಾರು ಕೇಳಲ್ಲ?" ಅಂದಳು ಮಗಳು.

"ಇವರು."

"ಇವರು ಅಂದ್ರೆ?"

"ಇವರು ಅಂದ್ರೆ ಯಾರು, ಆಫೀಸಿನವರು. ಪ್ರೂಫ್‌ನವರು."

ತುತ್ತು ನೆತ್ತಿಗೇರುವಷ್ಟು ನಕ್ಕಳು. ನೀರು ಕೊಟ್ಟೆ. ಈಗಿನ ಮಕ್ಕಳಿಗೆ ಎಲ್ಲದಕ್ಕೂ ನಗು.

ಮಾರ್ಚ್ ೨೭, ಶುಕ್ರವಾರ

ತೊಂಬತ್ತಾರು ಮುಗಿಯಿತು. ಕೊನೆಯ ಜೋಡಿಗೆ ಮದುವೆಯಾಗಿ ಹನ್ನೊಂದು ದಿನ. ಎಲ್ಲ ಪ್ರಶ್ನೆಗೂ ಇಬ್ಬರದೂ ಒಂದೇ ಉತ್ತರ. ನಮಗೆ ಅವರನ್ನು ನೋಡಿ ಅಯ್ಯೋ ಅನ್ನಿಸಿತು, ಇನ್ನೂ ಎಷ್ಟು ಕಲಿಯಬೇಕೋ ಎಂದು.

ಕಟ್ಟು ಒಪ್ಪಿಸಿದ ಮೇಲೆ ಇಬ್ಬರಿಗೂ ಹೋಗಲು ಜಾಗವಿಲ್ಲದವರ ಹಾಗೆ ಆಫೀಸಿನ ಗೇಟಿನಲ್ಲಿ ನಿಂತಿದ್ದೆವು. ಸೋಮವಾರದಿಂದ ಆ ಬಸ್ಸಿಲ್ಲ. ಇವರು ಕನ್ನಡಕ ತೆಗೆದು ಒರೆಸಿ, ಹಾಕಿ, ಮತ್ತೆ ತೆಗೆದರು.

"ಭಾನುವಾರ ನಮ್ಮ ಮನೆಗೆ ಟೀಗೆ ಬರ್ತೀರಾ? ಅಕ್ಕ ನಿಮ್ಮನ್ನ ನೋಡಬೇಕಂತೆ. ನಾನೂ ಅಕ್ಕನೂ ಇಬ್ಬರೇ ಇರೋದು. ಒಂದು ಮಾತು ಮೊದಲೇ ಹೇಳ್ತೀನಿ. ಅಕ್ಕನಿಗೆ ಹುಟ್ಟಿದಾಗಿಂದ ಕಿವಿ ಕೇಳಲ್ಲ, ಮಾತೂ ಇಲ್ಲ. ಮನೇಲಿ ನಮ್ಮ ಬಾಯಿಗೆ ಕೆಲಸ ಇಲ್ಲ. ಅದಕ್ಕೇ ಹೊರಗೆ ಬಂದ್ರೆ ನಾನು ಹೀಗೆ."

"ಹೀಗೆ ಅಂದ್ರೆ?"

"ಎಲ್ಲರೂ ಕಿಟಕಿ ಕಡೆ ತಿರುಗ್ತಾರಲ್ಲ, ಹಾಗೆ."

ನನಗೆ ನಾಚಿಕೆಯಾಯಿತು. ಬರುತ್ತೇನೆ ಅಂದೆ. ಮಾತಿಲ್ಲದ ಮನೆಯ ಹೊಸ್ತಿಲು ಮತ್ತೆ ತುಳಿಯುವುದಿಲ್ಲ ಎಂದುಕೊಂಡವಳು ನಾನು. ಟೀ ತಾನೇ.

ಮಾರ್ಚ್ ೨೯, ಭಾನುವಾರ

ಉದ್ದ ಬರೆಯುತ್ತೇನೆ.

ಮನೆ ಒಂದು ಗಲ್ಲಿಯ ಕೊನೆಗೆ, ಕೆಳಮಹಡಿ. ಮುಂದಿನ ಕೋಣೆಯೇ ಅಕ್ಕನ ಕಾರ್ಖಾನೆ. ಅವರು ಪುಸ್ತಕಕ್ಕೆ ಹೊಲಿಗೆ ಹಾಕಿ ರಟ್ಟು ಕಟ್ಟುವವರು; ಅದೇ ಅಚ್ಚುಮನೆಯಲ್ಲಿ ತಮ್ಮನ ಜೊತೆ ಇದ್ದರಂತೆ, ಈಗ ಮನೆಯಲ್ಲೇ ಮಾಡುತ್ತಾರೆ. ದಾರದ ಉಂಡೆ, ಅಂಟಿನ ಡಬ್ಬಿ, ಕತ್ತರಿಸಿದ ರಟ್ಟು. ಅರವತ್ತರ ಹೆಂಗಸು, ಬೆಳ್ಳಗಿನ ಗಿಡ್ಡ ಕೂದಲು, ತಮ್ಮನಿಗಿಂತ ಒಂದು ಗೇಣು ಎತ್ತರ. ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿ, ತಮ್ಮನ ಕಡೆ ತಿರುಗಿ ಕೈಯಾಡಿಸಿದರು.

"ನೀವು ನಾನು ಹೇಳಿದ ಹಾಗೇ ಇದ್ದೀರಂತೆ" ಅಂದರು ಇವರು.

ಆಮೇಲೆ ಶುರುವಾಯಿತು. ಕತ್ತರಿ ಎಲ್ಲಿಟ್ಟೆ ಎಂದು ಅಕ್ಕ ಕೇಳಿದರೆಂದು ಕಾಣುತ್ತದೆ. ನಾನಿಟ್ಟಿಲ್ಲ ಎಂದು ಇವರು. ಅಕ್ಕ ಹುಬ್ಬು ಹಾರಿಸಿ ಇವರ ನಡಿಗೆಯನ್ನು ಅಣಕಿಸಿದರು, ಕನ್ನಡಕವನ್ನು ಅಣಕಿಸಿದರು. ಇವರು ಎರಡೂ ಕೈಯಲ್ಲಿ ಏನೋ ದೊಡ್ಡ ವಾದ ಹೂಡಿದರು. ಅಕ್ಕ ಕಾಗದದ ಉಂಡೆ ಎಸೆದರು. ಕತ್ತರಿ ಅಕ್ಕನ ಜೇಬಿನಲ್ಲೇ ಸಿಕ್ಕಿತು. ಇಬ್ಬರೂ ಸದ್ದಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ, ನನ್ನದೊಬ್ಬಳದೇ ಸದ್ದು. ಒಂದು ಗಂಟೆ ಅಲ್ಲಿದ್ದೆ. ಆ ಮನೆಯಲ್ಲಿ ಮಾತು ಒಂದು ಗಳಿಗೆಯೂ ನಿಲ್ಲಲಿಲ್ಲ.

ಟೀ ಕುಡಿಯುವಾಗ ಅಕ್ಕ ನನ್ನ ಕಡೆ ತಿರುಗಿ ಏನೋ ಉದ್ದಕ್ಕೆ ಕೇಳಿದರು. ಇವರು ತಡವರಿಸಿದರು.

"ಏನಂತೆ?" ಅಂದೆ.

"ಟೀಗೆ ಸಕ್ಕರೆ ಸರಿಯಾಗಿದೆಯಾ ಅಂತ."

"ಸಕ್ಕರೆಗೆ ನಿಮ್ಮ ಕಿವಿ ಯಾಕೆ ಕೆಂಪಾಯ್ತು?"

ಅಕ್ಕನಿಗೆ ಯಾವ ಮೋಸ ನಡೆಯಿತೆಂದು ತಿಳಿದುಹೋಯಿತು. ತಮ್ಮನ ತಲೆಗೊಂದು ಮೊಟಕಿ, ರಟ್ಟಿನ ತುಂಡೊಂದನ್ನು ಎಳೆದುಕೊಂಡು ಪೆನ್ಸಿಲಿನಲ್ಲಿ ಗುಂಡಗಿನ ಅಕ್ಷರದಲ್ಲಿ ಬರೆದು ನನ್ನ ಮುಂದೆ ಇಟ್ಟರು. 'ಇವನು ಸುಳ್ಳು ಹೇಳುತ್ತಿದ್ದಾನೆ. ನೀವೂ ನಿಮ್ಮ ಮಗಳೂ ಈ ಮನೆಗೆ ಯಾವಾಗ ಬರುತ್ತೀರಿ, ಇದು ನಾನು ಕೇಳಿದ್ದು. ಹಿಂದಿನ ಕೋಣೆಗೆ ಸುಣ್ಣ ಹೊಡೆಸಬೇಕು.'

"ಅಕ್ಕನಿಗೆ ಸ್ವಲ್ಪ ಆತುರ. ಅಂದ್ರೆ ನಾನು ಏನೂ... ಅಂದ್ರೆ ನೀವು ತಪ್ಪು..." ಇವರ ವಾಕ್ಯ ಮುಗಿಯಲಿಲ್ಲ. ಎಂಟು ವಾರದಲ್ಲಿ ಇವರು ಮುಗಿಸದ ವಾಕ್ಯವನ್ನು ನಾನು ಕೇಳಿರಲಿಲ್ಲ.

"ನೀವು ಕೇಳ್ತೀರಾ, ಅಥವಾ ಅಕ್ಕನೇ ಕೇಳಬೇಕಾ?" ಅಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

ಇವರು ಕಪ್ಪು ಕೆಳಗಿಟ್ಟರು. "ಇಷ್ಟು ದಿನ ಬಸ್ಸಲ್ಲಿ ಮಾತಾಡಿದ್ದೆಲ್ಲ ಇದೊಂದನ್ನ ಕೇಳಬಾರದು ಅಂತ. ಈಗ ಕೇಳ್ತಿದೀನಿ. ಬರ್ತೀರಾ?"

ನಾನು ಪೆನ್ಸಿಲು ತೆಗೆದುಕೊಂಡು ಅದೇ ರಟ್ಟಿನ ಮೇಲೆ ಬರೆದೆ: 'ಜೂನ್. ಮಗಳ ಪರೀಕ್ಷೆ ಮುಗಿಯಲಿ.' ಬರೆದು ಇವರಿಗೆ ಕೊಡಲಿಲ್ಲ, ಅಕ್ಕನಿಗೆ ಕೊಟ್ಟೆ. ಇದನ್ನು ಕೈಯಲ್ಲಿ ಹೇಗೆ ಹೇಳುವುದು ಎಂದು ಸನ್ನೆ ಮಾಡಿ ಕೇಳಿದೆ. ಅಕ್ಕ ನನ್ನ ಬೆರಳುಗಳನ್ನು ಹಿಡಿದು ಒಂದೊಂದಾಗಿ ಮಡಿಸಿದರು, ಬಿಡಿಸಿದರು. ಸೂಜಿ ಹಿಡಿದು ಒರಟಾದ ಕೈ, ಅಂಟಿನ ವಾಸನೆ. ಮೂರು ಸಲ ತಪ್ಪಿದೆ. ನಾಲ್ಕನೇ ಸಲ ಸರಿಹೋಯಿತಂತೆ, ಬೆನ್ನು ತಟ್ಟಿದರು. ಆಮೇಲೆ ಇವರ ಕಡೆ ತಿರುಗಿ ಮಾಡಿ ತೋರಿಸಿದೆ.

ಇವರು ಕನ್ನಡಕ ಒರೆಸಲು ಕರವಸ್ತ್ರ ಹುಡುಕಿದರು. ಇರಲಿಲ್ಲ. ಅದು ಔಷಧಿ ಅಂಗಡಿಯವರ ಹತ್ತಿರವೇ ಉಳಿದಿರಬೇಕು. ನನ್ನದು ಕೊಟ್ಟೆ.

ಮನೆಗೆ ಬಂದು ಮಗಳಿಗೆ ಹೇಳಿದೆ. ಹೇಗೆ ಶುರುಮಾಡುವುದೆಂದು ದಾರಿಯುದ್ದಕ್ಕೂ ಉರು ಹಾಕಿಕೊಂಡು ಬಂದಿದ್ದೆ. ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಲೂ ಇಲ್ಲ. "ನನ್ನ ಕೊನೇ ಪೇಪರ್ ಹದಿನೆಂಟಕ್ಕೆ. ಹತ್ತೊಂಬತ್ತು ಶುಕ್ರವಾರ, ರಿಜಿಸ್ಟ್ರಾರ್ ಆಫೀಸು ತೆಗೆದಿರುತ್ತೆ. ನೋಡಿಟ್ಟಿದ್ದೀನಿ" ಅಂದಳು. ಯಾವಾಗ ನೋಡಿಟ್ಟಳೋ.

ಆಮೇಲೆ ಎದುರಿಗೆ ಬಂದು ಕೂತು, ಎರಡೂ ಕೈ ಚಾಚಿ, "ದೊಡ್ಡತ್ತೆಗೆ 'ನಾನು ಮಗಳು' ಅಂತ ಹೇಗೆ ಹೇಳಬೇಕು? ತೋರಿಸು" ಅಂದಳು.

ನನಗೆ ಬರುವುದು ಜೂನ್ ಒಂದೇ. ನಾಳೆ ಇವರನ್ನು ಕೇಳಬೇಕು.